ಕುಲುಮೆ ಕಾಯುವ ಸರದಿ

ಇಲ್ಫರ್ಡ್
೨೪ ಸೆಪ್ಟೆಂಬರ್ ೨೦೨೫, ಬುಧವಾರ

ನನ್ನ ಮುದ್ದು ನಿತೀಶಾ,

ಮೈಯಲ್ಲಿ ಆರಾಮಿದ್ದೀಯಾ? ಹೊಟ್ಟೆಗೆ ಏನು ತಿನ್ನುತ್ತಿದ್ದೀ? ನಾಲ್ಕು ದಿನದಿಂದ ನಿನ್ನ ಫೋನ್ ಹತ್ತುತ್ತಿಲ್ಲ. ಗ್ರೀನ್‌ಫರ್ಡ್ ಗೋಡೌನಿನಿಂದ ಇವತ್ತು ಸಂಜೆ ನೀನಿರುವಲ್ಲಿಗೆ ನೆರವಿನ ಸಾಮಾನಿನ ಲಾರಿ ಹೊರಡುತ್ತದೆಯಂತೆ, ಅದಕ್ಕೇ ಈ ಕಾಗದ. ಊರಿನ ಹೆಸರು ಬರೆಯಬೇಡ ಅಂದಿದ್ದೀಯಲ್ಲ, ಬರೆದಿಲ್ಲ.

ಕಾರ್ಖಾನೆಗೆ ಜನರೇಟರ್ ಕೂಡಿಸಿ ವಾರದಲ್ಲಿ ಬರುತ್ತೇನೆ ಅಂತ ಯುಕ್ರೇನಿಗೆ ಹೋದವನು ನೀನು, ಐದು ವಾರವಾಯಿತು. ಮೇಲಿನ ಫ್ಲ್ಯಾಟಿನ ಹಲೀನಾ ನೀನಿರುವ ಊರಿನವಳೇ, ದಿನಾ ಬಂದು ಕೂಡುತ್ತಾಳೆ. ಆ ಊರು ಹುಟ್ಟಿದ್ದೇ ಗಾಜಿನ ಕಾರ್ಖಾನೆಯಿಂದಂತೆ. ಹೊಳೆದಂಡೆಯ ಬಿಳಿ ಮರಳು ನೋಡಿ ಯಾರೋ ನೂರಿಪ್ಪತ್ತು ವರ್ಷದ ಹಿಂದೆ ಕುಲುಮೆ ಹಾಕಿದನಂತೆ. ಆಮೇಲೆ ರೈಲು ಬಂತು, ಶಾಲೆ ಬಂತು. ಸೋವಿಯತ್ ಸರ್ಕಾರ ಬಿದ್ದಾಗ ಸಂಬಳದ ಬದಲು ಗಾಜಿನ ಲೋಟ ಕೊಡುತ್ತಿದ್ದರಂತೆ. ಇವಳ ತಾಯಿ ಅವನ್ನು ರೈಲಿನ ಕಿಟಕಿಗಳಿಗೆ ಒಡ್ಡಿ ಮಾರಿ ಬ್ರೆಡ್ ತರುತ್ತಿದ್ದಳಂತೆ. ಪಾಪ! ಅದರಲ್ಲೊಂದು ಲೋಟ ನನಗೆ ಕೊಟ್ಟಿದ್ದಾಳೆ, ಚಹಾ ಅದರಲ್ಲೇ ಕುಡಿಯುತ್ತೇನೆ. ಈಗ ಅಲ್ಲಿ ಉಪ್ಪಿನಕಾಯಿ ಜಾಡಿಯಷ್ಟೇ ಮಾಡುತ್ತಾರೆ. ಕರೆಂಟು ಹೋಗಿ ಕುಲುಮೆ ಒಮ್ಮೆ ಆರಿದರೆ ಒಳಗಿನ ಗಾಜು ಕಲ್ಲಾಗಿ ಕುಲುಮೆಯೇ ಸೀಳಿಹೋಗುತ್ತದೆ, ಆಮೇಲೆ ಊರಿಗೆ ಊರೇ ಖಾಲಿ ಅನ್ನುತ್ತಾಳೆ. ಖರೆ ಇರಬಹುದು. ಆದರೆ ಬಾಂಬು ಬೀಳುವ ಊರಿನ ಬೆಂಕಿ ಕಾಯಲು ನನ್ನ ಮಗನೇ ಬೇಕಾಗಿತ್ತೇ? ಸಿಟ್ಟು ಬರುತ್ತದಪ್ಪಾ, ಹೆದರಿಕೆಯೂ ಅಷ್ಟೇ.

ಸೋಮವಾರ ನವರಾತ್ರಿಯ ಘಟ್ಟ ಹಾಕಿ ದೇವರ ಮುಂದೆ ದೀಪ ಹಚ್ಚಿದೆ. ಒಂಬತ್ತು ದಿನ ದೀಪ ಆರಬಾರದು. ಹೋದ ವರ್ಷ ನಾನು ಕೆಲಸಕ್ಕೆ ಹೋದಾಗ ನೀನೇ ಎಣ್ಣೆ ಹಾಕುತ್ತ ಕೂತಿದ್ದೆ. "ಬದ್ಲಿ ಯಾರರೆ ಬರೂತನಾ ದೀಪದ ಮುಂದಿಂದ ಏಳಬ್ಯಾಡ" ಅಂತ ನಾನೇ ಗದರಿಸಿದ್ದೆ. ಕೊನೆಯ ಸಲ ಫೋನಿನಲ್ಲಿ ಅದನ್ನೇ ನನಗೆ ತಿರುಗಿಸಿದೆ: "ಇಲ್ಲಿ ಜನರೇಟರ್ ತಿಳಿದಾಂವ ನಾ ಒಬ್ಬನ ಇದ್ದೀನಿ, ಅವ್ವಾ. ಬದ್ಲಿ ಬರ್ಲಿ, ಅವತ್ತ ಹೊರಡ್ತೀನಿ." ಸ್ಪೀಕರ್ ಹಾಕಿದ್ದರಿಂದ ನಿಮ್ಮಪ್ಪನೂ ಕೇಳಿದರು. ಆಸ್ಪತ್ರೆಯ ಜನರೇಟರ್ ನೋಡಿಕೊಂಡು ರಿಟೈರಾದ ಮೇಲೆ ಮುಟ್ಟದಿದ್ದ ಟೂಲ್‌ಬಾಕ್ಸ್ ತೆಗೆದು ಒರೆಸುತ್ತ ಕೂತರು.

ಬನಶಂಕರಿ ನಿನ್ನ ನೆತ್ತಿ ಕಾಯಲಿ. ಹಲೀನಾ ನಿನ್ನನ್ನು ಕೇಳಿದ್ದಾಳೆ.

ನಿನ್ನ ಅವ್ವ,
ರತ್ನವ್ವ

ತಾ.ಕ.: ಇಷ್ಟು ಹೊತ್ತು ಬರೆಯಲು ಕೈ ಬರಲಿಲ್ಲ. ಈ ಕಾಗದ ನಿನಗೆ ಕೊಟ್ಟವರು ನಿಮ್ಮಪ್ಪನೇ. ಬದಲಿ ಬಂದಿದ್ದಾರೆ. ಬೈಯಬೇಡ, ನನ್ನದೇ ಮಾತಲ್ಲವೇ, ತಡೆಯಲಿಲ್ಲ. ಎಲ್ಲ ತೋರಿಸಿಕೊಟ್ಟು ಅದೇ ಲಾರಿಯಲ್ಲಿ ಹೊರಡು. ಇಲ್ಲಿ ದೀಪದ ಮುಂದೆ ನಾನೊಬ್ಬಳೇ. ಅವರ ಬಿಪಿ ಗುಳಿಗೆ ಟೂಲ್‌ಬಾಕ್ಸಿನ ಕೆಳಗಿನ ಖಾನೆಯಲ್ಲಿವೆ, ದಿನಾ ನೆನಪಿಸಲು ಅಲ್ಲಿ ಯಾರಿಗಾದರೂ ಹೇಳಿ ಬಾ.