ಬೂದಿ ಹಾಕಿ ಉಜ್ಜಿದ ಪೊರೆ

೧೨-೩-೧೯೯೯, ಶುಕ್ರವಾರ

ಎಮ್ಮೆ ಇವತ್ತೂ ಕಾಲುವೆ ನೀರು ಮೂಸಿ ಮುಖ ತಿರುಗಿಸಿತು. ತಾಳೆಎಣ್ಣೆ ಮಿಲ್ಲಿನ ಕೊಳಕು ನೀರು ಸೋಸುವ ತೆಳ್ಳನೆಯ ಪೊರೆಗೆ ಜಿಡ್ಡು ಕಟ್ಟಿತ್ತಂತೆ. ಅಲ್ಲಿ ಕೂಲಿಗೆ ಹೋಗುವ ನನ್ನ ಸೊಸೆ ಶಿವಮ್ಮಣಿ, ಎಣ್ಣೆ ಬಾಂಡಲಿ ಬೆಳಗುವಂತೆ ಬೂದಿ ಹಾಕಿ, ತೆಂಗಿನ ನಾರಿನಲ್ಲಿ ಉಜ್ಜಿ ಅದನ್ನು ಹರಿದಿಟ್ಟಿದ್ದಾಳೆ. ಈಗ ಆ ಕೊಳಕೆಲ್ಲ ಸೋಸದೆ ನೇರ ಕಾಲುವೆಗೇ ಬರುತ್ತಿದೆ.

ನಾನೇ ಹೋಗಿ ಮಿಲ್ಲಿನ ಇಂಜಿನಿಯರನ್ನು ಕೇಳಿದೆ. "ಒಸಾ ಪೊರೆ ಬರೋಗಂಟ ಮಿಲ್ ನಿಲ್ಸಿ ಸಾ."

"ನಿಲ್ಸಿದ್ರೆ ಹಣ್ಣು ಕೊಳ್ತೋಯ್ತದೆ ಅಜ್ಜಿ."

"ನಮ್ ನೀರು ಕೊಳೀಬೋದಾ? ನಿಮ್ಮನೆಗೊಂದು ಚೊಂಬು ತುಂಬ್ಕೊಡ್ಲಾ?"

ನಕ್ಕು ಒಳಗೆ ಹೋದ.

ಶಿವಮ್ಮಣಿ ಉಣ್ಣದೆ ಮಲಗಿದ್ದಾಳೆ. ಬೈಯಲು ಬಾಯಿ ಬರಲಿಲ್ಲ. ನಾನಾಗಿದ್ದರೂ ಬೂದಿಯಲ್ಲೇ ಉಜ್ಜುತ್ತಿದ್ದೆ. ಎಮ್ಮೆ ಅರಚುವುದು ಕೇಳಲಾರದೆ, ಕುಡಿಯಲೆಂದು ದೂರದಿಂದ ಹೊತ್ತು ತಂದಿದ್ದ ಬಿಂದಿಗೆ ನೀರನ್ನು ಅದರ ಮುಂದೆ ಸುರಿದುಬಿಟ್ಟೆ. ಬೆಳಗ್ಗೆ ಅವಳು ಎದ್ದು ನೀರು ಕೇಳುವುದರೊಳಗೆ ನಾನು ಮತ್ತೆ ಬಿಂದಿಗೆ ಹೊತ್ತು ಅಷ್ಟು ದೂರ ಹೋಗಿಬರಬೇಕು.