ಜಪ್ತಿಯಾದ ರಾಜ, ಮುಚ್ಚದ ಗ್ಯಾರೇಜು

ಪುರಸಭೆಯ ಪರವಾನಗಿ ಅಧಿಕಾರಿಗಳಾದ ಮಾನ್ಯರೇ,

ನಮ್ಮ ರಾಜನನ್ನು ವಾಪಸು ಕೊಡಿ. ಮೊದಲ ಸಾಲಿನಲ್ಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ತಾವು ಯಾವ ಅರ್ಜಿಯನ್ನೂ ಎರಡನೆಯ ಸಾಲಿನವರೆಗೆ ಓದುವವರಲ್ಲ ಎಂಬುದು ನಿಮ್ಮ ಕೌಂಟರಿನ ಮುಂದೆ ಮೂರು ಸಲ ನಿಂತು ಬಂದ ಮೇಲೆ ನನಗೆ ಖಾತ್ರಿಯಾಗಿದೆ. ಒಂದಡಿ ಎತ್ತರ, ರಕ್ತಚಂದನದ ಮೈ, ಜರಿ ಪೇಟ, ಹುರಿ ಮೀಸೆ. ಕಳೆದ ತಿಂಗಳು, ನವರಾತ್ರಿಯ ಐದನೆಯ ದಿನ, ಅವನನ್ನು ನಮ್ಮ ಗ್ಯಾರೇಜಿನಿಂದ ಕಂಕುಳಲ್ಲಿ ಇರುಕಿಕೊಂಡು ಹೋದವರು ತಾವೇ. ನಾವು ಪರವಾನಗಿಯಿಲ್ಲದೆ ಗ್ಯಾರೇಜ್ ಸೇಲ್ ನಡೆಸಿದ್ದಕ್ಕೆ ಅವನು ಸಾಕ್ಷ್ಯವಂತೆ!

ಈ ಪತ್ರ ಕನ್ನಡದಲ್ಲೇಕಿದೆ ಎಂದು ಕೇಳುತ್ತೀರಿ. 'ನಿಮ್ಮ ಸ್ವಂತ ಮಾತುಗಳಲ್ಲಿ ವಿವರಣೆ ಸಲ್ಲಿಸಿ' ಎಂದು ನಿಮ್ಮ ನೋಟಿಸಿನ ಕೊನೆಯಲ್ಲಿದೆ. ನನ್ನ ಸ್ವಂತ ಮಾತುಗಳು ಇವೇ. ಇದು ನಮ್ಮ ಕನ್ನಡ ಸಂಘದ ಸೈಕ್ಲೋಸ್ಟೈಲ್ ಪತ್ರಿಕೆಯಲ್ಲಿ ಬಂದು, ಸ್ಯಾನ್ ಹೊಸೆಯಿಂದ ಡ್ಯಾನ್‌ವಿಲ್‌ವರೆಗೆ ಎಲ್ಲರ ಮನೆಯ ಫ್ರಿಜ್ಜಿನ ಮೇಲೂ ಅಂಟಿಕೊಳ್ಳಲಿದೆ. ನಿಮ್ಮ ಕಚೇರಿಯ ಬಾಗಿಲಿಗೂ ಒಂದು ಪ್ರತಿ ಅಂಟಿಸುತ್ತೇನೆ. ನಿಮ್ಮ ನೋಟಿಸು ನಮಗೆ ಎಷ್ಟು ಅರ್ಥವಾಯಿತೋ ಇದು ನಿಮಗೆ ಅಷ್ಟು ಅರ್ಥವಾದರೆ ಸಾಕು.

ನಡೆದದ್ದು ಇಷ್ಟು. ನನ್ನ ಅತ್ತೆ ಗೌರಮ್ಮನವರು ಈ ಜೂನ್‌ನಲ್ಲಿ, ಆರು ತಿಂಗಳಿಗೆಂದು, ಮೈಸೂರಿನಿಂದ ಬಂದರು. ತಮ್ಮ ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆಗಳನ್ನು, ಅಂದರೆ ರಾಜ ರಾಣಿಯರ ಜೋಡಿಯನ್ನು, ವಿಮಾನದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡೇ ತಂದರು. ನವರಾತ್ರಿಗೆ ನಮ್ಮ ಕಡೆ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುತ್ತೇವೆ. ನೆರೆಹೊರೆಯವರು ನೋಡಲು ಬರುತ್ತಾರೆ, ಬಂದವರಿಗೆ ಅರಿಶಿನ ಕುಂಕುಮ, ಮಕ್ಕಳಿಗೆ ತಿಂಡಿಯ ಪೊಟ್ಟಣ. ನಾವೂ ಮೊದಲು ಮರ್ಯಾದೆಯಾಗಿ ಲಿವಿಂಗ್ ರೂಮಿನಲ್ಲೇ ಕೂರಿಸಿದೆವು. ಮೊದಲನೆಯ ಮಂಗಳಾರತಿಗೇ ಚಾವಣಿಯ ಸ್ಮೋಕ್ ಅಲಾರ್ಮು ಬಾಯಿ ಬಡಿದುಕೊಂಡು, ಅತ್ತೆ ಆರತಿ ತಟ್ಟೆ ಸಮೇತ ಸೋಫಾ ಹತ್ತಿ ನಿಂತರು. ಹಾಗಾಗಿ ದರ್ಬಾರು ಗ್ಯಾರೇಜಿಗೆ ಹೋಯಿತು. ನನ್ನ ಗಂಡ ಅನಂತಪದ್ಮನಾಭ ಆಫೀಸಿನಿಂದ ತಂದ ಖಾಲಿ ಕಂಪ್ಯೂಟರ್ ಡಬ್ಬಗಳೇ ಮೆಟ್ಟಿಲಾದವು. ಹೊಗೆ ಹೋಗಲೆಂದು ದೊಡ್ಡ ಬಾಗಿಲು ತೆರೆದಿಟ್ಟೆವು. ನನ್ನ ಒಂಬತ್ತು ವರ್ಷದ ಮಗಳು ವಸುಧಾ, ಸ್ಯಾನ್ ಹೊಸೆಯಿಂದ ಬರುವ ನಮ್ಮವರಿಗೆ ದಾರಿ ತಪ್ಪದಿರಲೆಂದು ಬೀದಿಯ ಮೂಲೆಯ ಕಂಬಕ್ಕೊಂದು ರಟ್ಟು ಕಟ್ಟಿದಳು. ಅದರ ಮೇಲೆ ಇಂಗ್ಲಿಷಿನಲ್ಲಿ 'ಗೊಂಬೆಗಳು' ಎಂಬ ಒಂದೇ ಪದ, ಕೆಳಗೊಂದು ಬಾಣ. ಶನಿವಾರ ಬೆಳಿಗ್ಗೆ ತೆರೆದ ಗ್ಯಾರೇಜು, ಕಂಬಕ್ಕೆ ಬಾಣ: ಈ ಊರಿನಲ್ಲಿ ಇದಕ್ಕೆ ಮನೆಯ ಹಳೇ ಸಾಮಾನು ಮಾರಾಟಕ್ಕಿದೆ ಎಂದೇ ಅರ್ಥ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ನಾನು ಒಳಗೆ ಚಕ್ಕುಲಿ ಒತ್ತುತ್ತಿದ್ದೆ.

ಎಂಟು ಗಂಟೆಗೇ ಜನ ಬಂದರು. ಈ ಬೀದಿ ಕೋಸಿನ ಹೊಲವಾಗಿದ್ದ ಕಾಲದಿಂದ ಇಲ್ಲಿರುವ ಅಜ್ಜ ಅಜ್ಜಿಯರು, ಹೊಲ ಹೋಗಿ ಮನೆಗಳೆದ್ದ ಮೇಲೆ ಬಂದ ನಮ್ಮಂಥವರು, ಎಲ್ಲರೂ. ಗೊಂಬೆಗಳ ಸುತ್ತ ನಡೆದಾಡಿದರು, ಆನೆಯ ಹೊಟ್ಟೆಯ ಕೆಳಗೆ ಬೆಲೆಚೀಟಿ ಹುಡುಕಿದರು, ಸಿಗದಿದ್ದಾಗ ಮುಜುಗರಪಟ್ಟು ಅತ್ತೆಯ ಆರತಿ ತಟ್ಟೆಗೆ ಚಿಲ್ಲರೆ ಹಾಕಿದರು. ಅತ್ತೆ ಅವರ ಹಣೆಗೆ ಕುಂಕುಮವಿಟ್ಟು ಪೊಟ್ಟಣ ಕೊಟ್ಟರು. ಒಬ್ಬರು ಶೆಟ್ಟರ ಗೊಂಬೆಯ ಮುಂದೆ ರಾಶಿ ಹಾಕಿದ್ದ ತೊಗರಿಬೇಳೆಗೆ ಬೆಲೆ ಕೇಳಿದರಂತೆ.

"ನೋಡೇ ವೇದಾ, ಏನು ಭಕ್ತಿ ಈ ಜನಕ್ಕೆ!" ಎಂದು ಅತ್ತೆ ಒಳಗೆ ಬಂದು ಕಣ್ಣೊರೆಸಿಕೊಂಡರು. "ಸ್ನಾನ ಮಾಡಿ ಬಂದಿದಾರೋ ಇಲ್ವೋ, ನೀನು ಮಾತ್ರ ಕೇಳೋಕೆ ಹೋಗಬೇಡ."

ಮಾನ್ಯರೇ, ಒಂದು ಗೊಂಬೆಯೂ ಮಾರಾಟವಾಗಲಿಲ್ಲ. ಒಂದು ಬೇಳೆಯೂ ಇಲ್ಲ. ಮಾರುವವಳಿಲ್ಲದ, ಬೆಲೆಯಿಲ್ಲದ, ಬಂದವರೆಲ್ಲ ಬರಿಗೈಯಲ್ಲಿ ಬಂದು ತಿಂಡಿ ಹಿಡಿದುಕೊಂಡು ಹೋಗುವ ಅಂಗಡಿಯನ್ನು ತಾವು ಬೇರೆಲ್ಲಾದರೂ ಕಂಡಿದ್ದೀರಾ? ಕಂಡಿದ್ದರೆ ವಿಳಾಸ ಕೊಡಿ, ನಾನೂ ಹೋಗುತ್ತೇನೆ.

ಐದನೆಯ ದಿನ ತಾವು ಬಂದಿರಿ. ಟೈ ಕಟ್ಟಿ ಬಂದ ಮೊದಲ ಅತಿಥಿ ಎಂದು ಅತ್ತೆ ತಮಗೆ ಮಡಿಸುವ ಕುರ್ಚಿ ಹಾಕಿದರು. ತಾವು ಕೋಸಂಬರಿಯನ್ನು ಎರಡು ಸಲ ಹಾಕಿಸಿಕೊಂಡಿರಿ. ತೆಂಗಿನಕಾಯಿ, ಎಲೆ ಅಡಿಕೆ ಸ್ವೀಕರಿಸಿದಿರಿ. ಆಮೇಲೆ ರಾಜನ ಕಡೆ ಬೆರಳು ತೋರಿದಿರಿ. ಹತ್ತಿರದಿಂದ ನೋಡುವ ಆಸೆಯಿರಬೇಕು, ಪಾಪ, ಎಂದು ಅತ್ತೆಯೇ ಎತ್ತಿ ಕೈಗಿತ್ತರು. ತಾವು ಒಂದು ಹಳದಿ ಚೀಟಿ ಬರೆದು ಕೊಟ್ಟಿರಿ. ಮುಂದಿನ ವರ್ಷ ಕರೆಯಲಿ ಎಂದು ವಿಳಾಸ ಬರೆದುಕೊಟ್ಟಿದ್ದೀರೆಂದು ಅವರು ಅದನ್ನು ಕಣ್ಣಿಗೊತ್ತಿಕೊಂಡರು. ನಾನು ಕಾಫಿ ಹಿಡಿದು ಹೊರಗೆ ಬರುವಷ್ಟರಲ್ಲಿ ತಮ್ಮ ಕಾರು ತಿರುವಿನಲ್ಲಿತ್ತು, ವಸುಧಾ ಬೀದಿಯ ನಡುವೆ ನಿಂತು "ಅಮ್ಮಾ, ಹೀ ಟುಕ್ ದ ಕಿಂಗ್!" ಎಂದು ಕಿರುಚುತ್ತಿದ್ದಳು. ನಿಮ್ಮ ವರದಿಯಲ್ಲಿ ಆ ತೆಂಗಿನಕಾಯಿ 'ಖರೀದಿಯೊಂದಿಗೆ ಉಚಿತ ಕೊಡುಗೆ' ಎಂದು ದಾಖಲಾಗಿದೆ. ತಿಂದ ಕೋಸಂಬರಿ ದಾಖಲಾಗಿಲ್ಲ.

ಈಗ ಕಾನೂನಿನ ಮಾತಿಗೆ ಬರೋಣ. ನಿಮ್ಮದಲ್ಲ, ನಮ್ಮದು. ಹತ್ತನೆಯ ದಿನ ರಾಜ ರಾಣಿಯರನ್ನು ಒಟ್ಟಿಗೆ ಮಲಗಿಸಬೇಕು, ಆಮೇಲೆಯೇ ಉಳಿದ ಗೊಂಬೆಗಳನ್ನು ಇಳಿಸಿ ಪೆಟ್ಟಿಗೆಗೆ ಹಾಕಬೇಕು. ಅತ್ತೆಯ ಲೆಕ್ಕದಲ್ಲಿ ಇದಕ್ಕೆ ಅಪೀಲಿಲ್ಲ. ರಾಜ ನಿಮ್ಮಲ್ಲಿದ್ದಾನೆ, ಆದ್ದರಿಂದ ರಾಣಿ ಮಲಗುವಂತಿಲ್ಲ. ರಾಣಿ ಮಲಗದೆ ದರ್ಬಾರು ಇಳಿಯುವಂತಿಲ್ಲ. ದರ್ಬಾರು ಇಳಿಯದೆ ಬಾಗಿಲು ಮುಚ್ಚುವಂತಿಲ್ಲ, ದಿನಾ ದೀಪ ಹಚ್ಚಬೇಕಲ್ಲ! ಕಾರು ಬೀದಿಯಲ್ಲಿ ನಿಂತಿದೆ, ಅದಕ್ಕೂ ತಮ್ಮಿಂದ ಒಂದು ನೋಟಿಸು ಬಂತು. ಒಂಬತ್ತು ದಿನದ ಅಪರಾಧವನ್ನು ಏಳನೆಯ ವಾರಕ್ಕೆ ಎಳೆದು ತಂದವರು ಯಾರು, ತಾವೇ ಹೇಳಿ. ನಡುವೆ ಮಕ್ಕಳ ವೇಷದ ಹಬ್ಬ ಹ್ಯಾಲೊವೀನ್ ಬಂದುಹೋಯಿತು. ಊರ ಮಕ್ಕಳೆಲ್ಲ ಸರದಿಯಲ್ಲಿ ನಿಂತು ಚಕ್ಕುಲಿ ಇಸಿದುಕೊಂಡು ಹೋದರು. ನಿಮ್ಮದೇ ಪುರಸಭೆಯ ಇನ್ನೊಂದು ವಿಭಾಗ ನಮ್ಮ ಗ್ಯಾರೇಜಿಗೆ 'ಅತ್ಯುತ್ತಮ ಹಬ್ಬದ ಅಲಂಕಾರ' ಎಂದು ಮೊದಲ ಬಹುಮಾನದ ನೀಲಿ ರಿಬ್ಬನ್ ಕಟ್ಟಿದೆ. ರಿಬ್ಬನ್ನೂ ನೋಟಿಸೂ ಒಂದೇ ಮೊಳೆಯಲ್ಲಿ ನೇತಾಡುತ್ತಿವೆ.

'ಊರಿನ ಹಳಬರು ದೂರು ಕೊಟ್ಟಿದ್ದಾರೆ, ಹೊಸಬರು ಹೊಂದಿಕೊಳ್ಳಬೇಕು' ಎಂದು ತಾವು ಕೌಂಟರಿನಲ್ಲಿ ನನಗೆ ಬುದ್ಧಿ ಹೇಳಿದಿರಿ. ಯಾವ ಹಳಬರು? ನಾವು ಬಂದು ನಾಲ್ಕು ವರ್ಷವಾಯಿತು. ತಾವು ಬಂದು ಹದಿನೆಂಟು ತಿಂಗಳಂತೆ. ಇದನ್ನು ಹೇಳಿದವರು ಪಕ್ಕದ ಮನೆಯ ಮಿಸೆಸ್ ಫರ್ಟಾಡೊ, ಇದೇ ಹೊಲದಲ್ಲಿ ಹುಟ್ಟಿ ಬೆಳೆದವರು. ಅವರು ಮನೆಮನೆಗೂ ಹೋಗಿ ವಿಚಾರಿಸಿದರು. ದೂರು ಕೊಟ್ಟದ್ದು ಮೂಲೆಯ ಮನೆಯವರು, ಅವರು ಬಂದದ್ದು ಈ ಮಾರ್ಚಿನಲ್ಲಿ. ಅವರ ಸಾಮಾನಿನ ಡಬ್ಬಗಳೇ ಇನ್ನೂ ಬಿಚ್ಚಿಲ್ಲ.

ಮಿಸೆಸ್ ಫರ್ಟಾಡೊಗೆ ರಾಣಿಯ ಒಂಟಿತನ ನೋಡಲಾಗಲಿಲ್ಲ. ತಮ್ಮ ತೋಟದಲ್ಲಿದ್ದ, ಕೆಂಪು ಟೊಪ್ಪಿಯ, ಬಿಳಿ ಗಡ್ಡದ ಸಿಮೆಂಟಿನ ಕುಳ್ಳನನ್ನು ತೊಳೆದು ತಂದು, ತಾತ್ಕಾಲಿಕವಾಗಿ ಇರಲಿ ಎಂದು ಪಕ್ಕದಲ್ಲಿ ನಿಲ್ಲಿಸಿದರು. ಅತ್ತೆ ಸೆರಗಿನಿಂದ ರಾಣಿಯ ಮುಖ ಮುಚ್ಚಿದರು. "ಅಯ್ಯೋ, ಬೇಡಮ್ಮ! ಅವಳು ಮರ್ಯಾದಸ್ಥೆ." ಕುಳ್ಳನಿಗೆ ಕೊನೆಯ ಮೆಟ್ಟಿಲಿನಲ್ಲಿ ಕಾವಲುಗಾರನ ಕೆಲಸ ಸಿಕ್ಕಿದೆ. ಅಂದೇ ಮಿಸೆಸ್ ಫರ್ಟಾಡೊ ನನಗೊಂದು ಮಾತು ಹೇಳಿದರು: "ನಾನು ಹುಡುಗಿಯಾಗಿದ್ದಾಗ ನಮ್ಮ ಪೋರ್ಚುಗೀಸರ ಹಬ್ಬದಲ್ಲಿ ನನಗೇ ಕಿರೀಟ ಇಟ್ಟು ರಾಣಿ ಮಾಡಿದ್ದರು. ಬ್ಯಾಂಡಿನ ಗದ್ದಲ ಜಾಸ್ತಿ ಅಂತ ಆಗಲೂ ಯಾರೋ ದೂರು ಕೊಟ್ಟರು. ಮಾರನೆಯ ವರ್ಷ ನಾವು ಇನ್ನೂ ದೊಡ್ಡ ಬ್ಯಾಂಡು ತರಿಸಿದೆವು."

ಇಷ್ಟರವರೆಗೆ ನಗುನಗುತ್ತಲೇ ಬರೆದೆ. ಇನ್ನೊಂದು ವಿಷಯಕ್ಕೆ ನಗು ಬರುವುದಿಲ್ಲ. ರಾಜನ ತಲೆಯ ಮೇಲಿರುವ ಪೇಟ ನನ್ನ ಮಾವನವರ ಜರಿ ಪೇಟದ ತುಂಡು. ಅವರು ಹೋಗಿ ಮೂರು ವರ್ಷವಾಯಿತು. ಪ್ರತಿ ನವರಾತ್ರಿಗೂ ಅತ್ತೆ ಅದನ್ನು ಬಿಚ್ಚಿ, ಇಸ್ತ್ರಿ ಮಾಡಿ, ಮತ್ತೆ ಸುತ್ತುತ್ತಾರೆ. ಕಳೆದ ವಾರ ನಿಮ್ಮ ಕಚೇರಿಗೆ ಬಂದಾಗ ಅವನು ಫೈಲಿನ ಬೀರುವಿನ ಮೇಲೆ ನಿಂತಿದ್ದ. ಕತ್ತಿನಲ್ಲಿ ನಂಬರಿನ ಚೀಟಿ, ಪೇಟದ ಮೇಲೆ ಯಾರೋ ಸಿಕ್ಕಿಸಿದ ರಬ್ಬರ್ ಬ್ಯಾಂಡುಗಳು. ಮನೆಗೆ ಬಂದು ಅತ್ತೆಗೆ "ಚೆನ್ನಾಗಿದಾನೆ, ಎತ್ತರದಲ್ಲಿ ಕೂರಿಸಿದಾರೆ" ಎಂದೆ. ರಬ್ಬರ್ ಬ್ಯಾಂಡಿನ ಸುದ್ದಿ ಮುಚ್ಚಿಟ್ಟೆ. ನನಗೆ ತುಂಬ ಸಿಟ್ಟು ಬಂದಿತ್ತು, ಈಗಲೂ ಇದೆ.

ವಿಚಾರಣೆ ಜನವರಿಯ ಕೊನೆಯ ವಾರ ಎನ್ನುತ್ತೀರಿ. ಅತ್ತೆಯ ವಿಮಾನ ಡಿಸೆಂಬರ್ ಹದಿನಾಲ್ಕಕ್ಕೆ. ಅಷ್ಟರೊಳಗೆ ಜೋಡಿಯನ್ನು ತಮ್ಮ ಕೈಯಾರೆ ಮಲಗಿಸಿ, ಮೊಮ್ಮಗಳ ಕೈಗೆ ಒಪ್ಪಿಸಿ ಹೋಗಬೇಕೆಂಬುದು ಅವರ ಆಸೆ. ಅದಕ್ಕೆಂದೇ ಅಷ್ಟು ದೂರದಿಂದ ಬಂದವರು.

ಆದ್ದರಿಂದ ನಮ್ಮ ಬೇಡಿಕೆ. ಬರುವ ಸೋಮವಾರದೊಳಗೆ ರಾಜನನ್ನು ರಬ್ಬರ್ ಬ್ಯಾಂಡಿಲ್ಲದೆ, ಪೇಟ ಸಮೇತ, ತಾವೇ ಎರಡೂ ಕೈಯಲ್ಲಿ ಹಿಡಿದು ತಂದುಕೊಡತಕ್ಕದ್ದು. ತಾರದಿದ್ದರೆ, ನಿನ್ನೆ ಗ್ಯಾರೇಜಿನಲ್ಲಿ ಹಳಬರೂ ಹೊಸಬರೂ ಸೇರಿ ಮಾಡಿದ ತೀರ್ಮಾನವನ್ನು ತಮಗೆ ತಿಳಿಸಬೇಕಾಗಿದೆ: ರಾಜ ದರ್ಬಾರಿಗೆ ಬರಲಾಗದಿದ್ದರೆ ದರ್ಬಾರೇ ರಾಜನಿದ್ದಲ್ಲಿಗೆ ಬರುತ್ತದೆ. ಸೋಮವಾರ ಒಂಬತ್ತು ಗಂಟೆಗೆ ಮಿಸೆಸ್ ಫರ್ಟಾಡೊ ಅವರ ಪಿಕಪ್ಪಿನಲ್ಲಿ ಐದು ಮೆಟ್ಟಿಲು, ಅರವತ್ತೆರಡು ಗೊಂಬೆ, ನನ್ನ ಅತ್ತೆ. ಹಿಂದಿನಿಂದ ನಡೆದು ಬರುವವರು ಎಷ್ಟೆಂದು ಎಣಿಸಿಲ್ಲ. ನಿಮ್ಮ ಕೌಂಟರಿನ ಮುಂದೆ ಜಮಖಾನ ಹಾಸುವಷ್ಟು ಜಾಗ ಬಿಟ್ಟಿರಿ. ನಿಮ್ಮ ಸ್ಮೋಕ್ ಅಲಾರ್ಮು ಏನು ಮಾಡುತ್ತದೋ ನೋಡೋಣ. ರಾಣಿಗೆ ಪ್ರಯಾಣದ ಸೀರೆ ಉಡಿಸಿ ಆಗಿದೆ.

ಇಂತಿ,
ಕಾರು ಬೀದಿಯಲ್ಲಿ, ಅತ್ತೆ ಗ್ಯಾರೇಜಿನಲ್ಲಿ, ತಾನು ಎರಡರ ನಡುವೆ ಎಂಬಂತಾಗಿರುವ
ವೇದವತಿ ಅನಂತಪದ್ಮನಾಭ
ನವೆಂಬರ್ 20, 1986