ಏಳನೇ ಕಾರ್ಡು

ಮ್ಯಾಕಲ್ಸ್‌ಫೀಲ್ಡ್
ಭಾನುವಾರ, 13 ಏಪ್ರಿಲ್ 2025

ಹರಿಯವರಿಗೆ,

ಚೆನ್ನಾಗಿದ್ದೀರೆಂದು ನಂಬಿದ್ದೇನೆ ಎಂದು ಬರೆಯಲು ಕೈ ಬರಲಿಲ್ಲ. ನೀವು ಚೆನ್ನಾಗಿಲ್ಲ ಎಂದು ನಿನ್ನೆ ತಿಳಿಯಿತು. ಲೀಡ್ಸ್‌ನ ನಿಮ್ಮ ಪೋಸ್ಟ್‌ಕೋಡನ್ನು ಕೃತಿಯಿಂದ ಪಡೆದೆ. ಅಪ್ಪನಿಗೆ ಕಾಗದ ಯಾಕೆ, ಮೆಸೇಜ್ ಮಾಡಬಹುದಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಉದ್ದವಿದೆ ಎಂದೆ.

ಗ್ಯಾರೇಜಿನಲ್ಲಿ ತೂಗುಹಾಕಿರುವ ಸೈಕಲ್ಲನ್ನು ಯಾರಿಗಾದರೂ ಕೊಟ್ಟುಬಿಡು ಎಂದು ಮಂಗಳವಾರ ಮೆಸೇಜಿನಲ್ಲಿ ಬರೆದಿದ್ದಿರಿ. ಕೊಟ್ಟಿಲ್ಲ. ಅದಕ್ಕೂ ಮೊದಲು ನಾನು ಹೇಳಬೇಕಾದ ಸಂಗತಿಯೊಂದಿದೆ, ಎರಡೂವರೆ ವರ್ಷದಿಂದ ಹೇಳದೆ ಇಟ್ಟುಕೊಂಡದ್ದು. ಈಗ ಧೈರ್ಯ ಬಂದಿದೆ ಎಂದೇನೂ ತಿಳಿಯಬೇಡಿ. ದಣಿದಿದ್ದೇನೆ, ಅಷ್ಟೆ.

ನಿನ್ನೆ ಉಮಾಶಂಕರ ಬಂದಿದ್ದರು. ಎಂದಿನಂತೆ ಶೇಂಗಾ ಚಟ್ನಿಯ ಡಬ್ಬಿ ತಂದಿದ್ದರು. ಮುಚ್ಚಳ ಗಟ್ಟಿಯಾಗಿತ್ತು. ಡಬ್ಬಿಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಎಡಗೈಯಿಂದ ತಿರುಗಿಸಿದರು. ಬಲ ಮಣಿಕಟ್ಟು ಇನ್ನೂ ತಿರುಗುವುದಿಲ್ಲ. ನಾನು ನೋಡುತ್ತಿರುವುದನ್ನು ಕಂಡು, "ಏನ್ ನೋಡ್ತೀರಿ ವೈನಿ, ಎಲುಬಿನ ಡಾಕ್ಟರಂದ ಎಲುಬು ಮುರದ್ರ ಯಾರೂ ಅಳೂದಿಲ್ಲ, ಎಲ್ಲಾರೂ ನಗತಾರ" ಎಂದರು. ಆಪರೇಷನ್ ಥಿಯೇಟರಿನ ಸರದಿ ಪಟ್ಟಿಯಲ್ಲಿ ಅವರ ಹೆಸರು ಇಲ್ಲವಾಗಿ ಎರಡೂವರೆ ವರ್ಷ. ಹೊರರೋಗಿಗಳನ್ನು ಮಾತ್ರ ನೋಡುತ್ತಾರೆ. ಅದನ್ನೂ ತಮಾಷೆ ಮಾಡಿಕೊಂಡರು.

ಬಂದದ್ದು ನಿಮ್ಮ ಮೇಲೆ ದೂರು ಹೇಳಲು. ಮೇ ತಿಂಗಳಲ್ಲಿ ಮತ್ತೆ ಫ್ರಾನ್ಸಿನ ಕ್ಯಾಲೆಯಿಂದ ಆಮಿಯೆನ್‌ವರೆಗೆ ಅದೇ ದಾರಿಯಲ್ಲಿ ಸೈಕಲ್ಲಿನಲ್ಲಿ ಹೋಗೋಣ ಎಂದು ನಿಮ್ಮನ್ನು ಕರೆದರಂತೆ. ನೀವು, "ನಾನು ಓದಿದ್ದನ್ನ ನಂಬ್ಕೊಂಡು ನೀನು ಬಂದೆ, ಕೈ ಕಳ್ಕೊಂಡೆ. ಇನ್ನು ನನ್ನ ಹಿಂದೆ ಯಾರೂ ಬರೋದು ಬೇಡ" ಎಂದಿರಂತೆ. ಕಣ್ಣು ಪರೀಕ್ಷೆಗೆ ಮೂರು ಸಲ ಹೋದಿರಂತೆ. ಮೂರು ಸಲವೂ ಕಣ್ಣು ಸರಿಯಿದೆ ಎಂದರಂತೆ. ಬರ್ಚ್‌ವುಡ್‌ನ ಕೆಲಸ ಬಿಟ್ಟದ್ದೂ ಅದಕ್ಕೇ ಎಂದು ನನಗೆ ಗೊತ್ತಿರಲಿಲ್ಲ. ಎಂಜಿನಿಯರಿಂಗ್ ನಕ್ಷೆಗಳನ್ನು ಪರಿಶೀಲಿಸಿ ಸಹಿ ಹಾಕುವವನು ಎಡ ಯಾವುದು ಬಲ ಯಾವುದು ಎಂದು ತಪ್ಪಿ ಓದಿದರೆ ಹೇಗೆ ಎಂದು ಅವರನ್ನು ಕೇಳಿದ್ದೀರಿ. ಉಮಾಶಂಕರ ಸಿಟ್ಟಿನಲ್ಲಿ ಮೇಜು ತಟ್ಟಿದರು. "ರಸ್ತಾದಾಗಿನ ಕೆಸರು ಅವನ ಕಲಸಿದ್ನೇನ್ರಿ? ಆ ಮನಶ್ಯಾಗ ನೀವಾದ್ರೂ ಬುದ್ಧಿ ಹೇಳ್ರಿ."

ಹೇಳುತ್ತಿದ್ದೇನೆ.

ಕಾರ್ಡುಗಳು ಶುರುವಾದದ್ದು ನಿಮಗೆ ನೆನಪಿರಬಹುದು. ಮೊದಲ ವರ್ಷ ಸೇಂತೊಮೇರ್ ಹತ್ತಿರ ಮಳೆಯಲ್ಲಿ ನಿಮ್ಮ ದಾರಿ ತೋರಿಸುವ ಯಂತ್ರ ಕೆಟ್ಟು ನಿಂತಿತು. ಹಳ್ಳಿಯ ಹೆಸರುಗಳನ್ನು ಉಚ್ಚರಿಸಲು ಬಾರದೆ ನೀವಿಬ್ಬರೂ ಒಂದು ಬೇಕರಿಯ ಎದುರು ಮೂಕರಂತೆ ನಿಂತಿದ್ದಿರಿ. ಮರುವರ್ಷದಿಂದ ನಾನು ದಾರಿಯನ್ನು ಕಾರ್ಡುಗಳಲ್ಲಿ ಬರೆದುಕೊಟ್ಟೆ. ಒಂದು ಕಾರ್ಡಿಗೆ ಆರು ಸಾಲು, ಊರುಗಳ ಹೆಸರು ಕನ್ನಡ ಅಕ್ಷರದಲ್ಲಿ, ಪ್ರತಿ ತಿರುವಿಗೂ ಕಣ್ಣಿಗೆ ಬೀಳುವ ಒಂದು ಗುರುತು: ಶಿಲುಬೆ, ಲಿಂಡನ್ ಮರ, ಸೈನಿಕರ ಸಮಾಧಿಗಳ ಬಿಳಿ ಗೋಡೆ. ಪ್ಲಾಸ್ಟಿಕ್ಕಿನಲ್ಲಿ ಹಾಕಿ ಹ್ಯಾಂಡಲ್ಲಿಗೆ ಸಿಕ್ಕಿಸಿಕೊಳ್ಳುತ್ತಿದ್ದಿರಿ. ನಾನು ಆ ಕಡೆ ಕಾಲಿಟ್ಟವಳಲ್ಲ, ಸೈಕಲ್ಲೂ ಬಾರದು. ಆದರೆ ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿಕೊಂಡು, ಆರ್ತುವಾ ಪ್ರಾಂತ್ಯದ ಪ್ರತಿ ಅಂಕುಡೊಂಕು ರಸ್ತೆಯಲ್ಲೂ ನಾನು ಓಡಾಡಿದ್ದೇನೆ. ಯಾವ ದಿಬ್ಬದ ಮೇಲೆ ಗಾಳಿ ಎದುರು ಬರುತ್ತದೆ, ಯಾವ ಹಳ್ಳಿಯಲ್ಲಿ ಭಾನುವಾರ ನೀರು ಸಿಗುವುದಿಲ್ಲ ಎಂದು ನಿಮಗಿಂತ ನನಗೆ ಚೆನ್ನಾಗಿ ಗೊತ್ತಿತ್ತು.

2022ರಲ್ಲಿ ನೀವು ಹೊರಟದ್ದು ಪ್ರತಿ ವರ್ಷದಂತೆ ಮೇನಲ್ಲಲ್ಲ, ಸೆಪ್ಟೆಂಬರಿನ ಕೊನೆಯಲ್ಲಿ. ಉಮಾಶಂಕರರಿಗೆ ಆಗಲೇ ರಜೆ ಸಿಕ್ಕಿದ್ದು. ಮೂವರೂ ಕೂತು ದಾರಿ ನಿರ್ಧರಿಸಿದ್ದೆವು. ಮೂರನೇ ದಿನ, ಶನಿವಾರ, ಆರಾಸ್‌ನಿಂದ ಹೊರಟು ನೀರಿನ ಟ್ಯಾಂಕಿನ ಹತ್ತಿರ ಬಲಕ್ಕೆ ತಿರುಗಿ ನೇರವಾಗಿ ಆಮಿಯೆನ್. ಅಲ್ಲಿಂದ ಸಂಜೆಯ ರೈಲಿನಲ್ಲಿ ಕಾರು ನಿಲ್ಲಿಸಿದ್ದ ಕ್ಯಾಲೆಗೆ. ಭಾನುವಾರ ಮಧ್ಯಾಹ್ನದ ಊಟಕ್ಕೆ ಮನೆ. ಹುಳಿ ಮಾಡಿರು ಎಂದು ಹೇಳಿ ಹೋಗಿದ್ದಿರಿ.

ಟ್ಯಾಂಕಿನ ಹತ್ತಿರ ಆದದ್ದನ್ನು ಉಮಾಶಂಕರ ನಿನ್ನೆ ಮೊದಲ ಸಲ ವಿವರವಾಗಿ ಹೇಳಿದರು. ನೀವು ಮುಂದೆ. ಕಾರ್ಡು ನೋಡಿ "ಎಡ" ಎಂದು ಕೂಗಿದಿರಿ. "ಲೇ, ಬಲಕ್ಕ ಅಂತ ಮಾತಾಗಿತ್ತಲ್ಲೋ" ಎಂದು ಅವರು ಹಿಂದಿನಿಂದ ಕೂಗಿದರು. ಅದಕ್ಕೆ ನೀವು ಬ್ರೇಕು ಕೂಡ ಹಿಡಿಯದೆ ಹೇಳಿದ್ದು: "ಕಾರ್ಡಲ್ಲಿ ಎಡ ಅಂತಿದೆ. ಸುಚೇತಾ ತಪ್ಪು ಬರೆಯೋಳಲ್ಲ ಕಣೋ."

ನೀವು ಹಾಗೆ ಹೇಳಿದ್ದು ನನಗೆ ಗೊತ್ತಿರಲಿಲ್ಲ. ಚಹಾ ಸೋಸುತ್ತಿದ್ದೆ. ಲೋಟ ತುಂಬಿ ಹರಿದರೂ ಸುರಿಯುತ್ತಲೇ ಇದ್ದೆ. ಅವರು "ವೈನಿ, ವೈನಿ" ಎಂದು ಎದ್ದು ಬಂದರು.

ಆ ಎಡ ರಸ್ತೆಯಲ್ಲಿ ನಾಲ್ಕು ಕಿಲೋಮೀಟರು ಹೋದ ಮೇಲೆ ಸಕ್ಕರೆ ಬೀಟಿನ ಹೊಲಗಳು. ಕಟಾವು ಶುರುವಾಗಿತ್ತು. ಟ್ರ್ಯಾಕ್ಟರುಗಳು ಹೊಲದ ಜೇಡಿಯನ್ನು ರಸ್ತೆಗೆ ಎಳೆದು ತಂದಿದ್ದವು. ಮೇಲೆ ತುಂತುರು ಮಳೆ. ತಿರುವಿನಲ್ಲಿ ನಿಮ್ಮ ಚಕ್ರ ದಾಟಿಹೋಯಿತು, ಅವರದ್ದು ಜಾರಿತು. ಕಾರ್ಡು ಬರೆಯುವಾಗ ನಾನು ತಿಂಗಳನ್ನು ಯೋಚಿಸಿರಲಿಲ್ಲ. ಮೇ ತಿಂಗಳ ನಕ್ಷೆ ಸೆಪ್ಟೆಂಬರಿನ ನೆಲದ ಬಗ್ಗೆ ಏನೂ ಹೇಳುವುದಿಲ್ಲ.

ನೀವು ಸರಿಯಾಗಿಯೇ ಓದಿದಿರಿ, ಹರಿ. ಏಳನೇ ಕಾರ್ಡಿನಲ್ಲಿ ಎಡ ಎಂದೇ ಬರೆದಿತ್ತು. ನಾನು ಬರೆದದ್ದು. ನಿಮ್ಮಿಬ್ಬರಿಗೂ ಹೇಳದೆ, ಹೊರಡುವ ಹಿಂದಿನ ದಿನ, ಮೂವತ್ತೆಂಟು ಕಿಲೋಮೀಟರಿನ ಒಂದು ಸುತ್ತನ್ನು ಸೇರಿಸಿದ್ದೆ. ಕಾಲುವೆಯ ದಂಡೆಯ ಮೇಲೆ ಪಾಪ್ಲರ್ ಮರಗಳ ಸಾಲಿತ್ತು, ಆ ದಾರಿಯ ಚೆಂದವನ್ನು ನೀವು ನೋಡಲಿ ಎಂದು.

ಅದಾದ ಮೇಲೆ ಮಾಡಿದ್ದು ಇನ್ನೂ ಕೆಟ್ಟದ್ದು. ನೀವು ಅಲ್ಲಿನ ಆಸ್ಪತ್ರೆಯಿಂದ ಅವರನ್ನು ಕರೆದುಕೊಂಡು ಬಂದಿರಿ. ನಿಮ್ಮ ಚೀಲ ಒಗೆಯುವ ಬಟ್ಟೆಗಳೊಂದಿಗೆ ನನ್ನ ಕೈಗೆ ಬಂತು. ನೀವು ಅವರ ಮನೆಯಲ್ಲಿದ್ದಾಗ, ಹಾಡುಹಗಲಲ್ಲಿ, ಅದೇ ಪೆನ್ನಿನಿಂದ ಏಳನೇ ಕಾರ್ಡನ್ನು ಹೊಸದಾಗಿ ಬರೆದೆ: ನೀರಿನ ಟ್ಯಾಂಕ್, ಬಲ. ಪ್ಲಾಸ್ಟಿಕ್ಕಿನಲ್ಲಿ ಹಾಕಿ ಮೂಲೆಗೆ ಸ್ವಲ್ಪ ಕೆಸರೂ ಹಚ್ಚಿದೆ. ಸಂಜೆ ನೀವು ಬಂದು ಕಾರ್ಡು ಎಲ್ಲಿ ಎಂದು ಕೇಳಿದಿರಿ. ಕೊಟ್ಟೆ. ಕಿಟಕಿಯ ಹತ್ತಿರ ಒಯ್ದು ತುಂಬಾ ಹೊತ್ತು ನೋಡಿ, "ಹಾಗಾದ್ರೆ ನಾನೇ ತಪ್ಪಿ ಓದಿದೆ" ಎಂದಿರಿ. ನಾನು ಹುಳಿ ಬಿಸಿ ಮಾಡಲು ಹೋದೆ.

ಇಪ್ಪತ್ತೊಂದು ವರ್ಷದಿಂದ ನನ್ನ ಕೆಲಸ ಏನೆಂದು ನಿಮಗೆ ಗೊತ್ತು. ಔಷಧಿಯ ಪ್ರತಿ ಬ್ಯಾಚಿನ ದಾಖಲೆಯನ್ನು ಸಾಲುಸಾಲಾಗಿ ಓದಿ ಸಹಿ ಮಾಡುತ್ತೇನೆ. ಅಲ್ಲಿ ತಪ್ಪು ಬರೆದರೆ ಶಿಕ್ಷೆಯಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿನ ಅಕ್ಷರ ಕಾಣುತ್ತಿರಬೇಕು, ಪಕ್ಕದಲ್ಲಿ ಸರಿಯಾದದ್ದು, ಇನಿಷಿಯಲ್, ತಾರೀಕು. ಹೊಸ ಹಾಳೆಯಲ್ಲಿ ಅಂದವಾಗಿ ಬರೆದು ಹಳೆಯದನ್ನು ಅಡಗಿಸಿದವರನ್ನು ಮಾತ್ರ ಅದೇ ದಿನ ಗೇಟಿನವರೆಗೆ ಬಿಟ್ಟುಬರುತ್ತಾರೆ. ಹಾಗೆ ಇಬ್ಬರನ್ನು ಕಳಿಸಿದ ವರದಿಗೆ ನಾನೇ ಸಹಿ ಹಾಕಿದ್ದೇನೆ, ನಿಮ್ಮ ಕೈಗೆ ಆ ಕಾರ್ಡು ಕೊಟ್ಟ ಮೇಲೆ.

ನೀವು ಊಟದ ಮೇಜಿನಲ್ಲಿ ನಂದೇ ತಪ್ಪು ಎಂದಾಗಲೆಲ್ಲ ನಾನು ಎದ್ದು ಹೋಗುತ್ತಿದ್ದೆ. ನಾನು ಕ್ಷಮಿಸಿಲ್ಲ ಎಂದು ನೀವು ತಿಳಿದಿರಿ. ಒಂದು ದಿನ, "ನಿನಗೂ ನನ್ನ ಮುಖ ನೋಡೋಕೆ ಆಗ್ತಿಲ್ಲ ಅಲ್ವಾ" ಎಂದು ಕೇಳಿ, ಉತ್ತರ ಬಾರದ್ದಕ್ಕೆ ಲೀಡ್ಸ್‌ಗೆ ಹೊರಟಿರಿ. ಮುಖ ನೋಡಲು ಆಗುತ್ತಿರಲಿಲ್ಲ, ಅದು ನಿಜ. ಕಾರಣ ಬೇರೆ.

ನಿನ್ನೆ ಚಹಾ ಚೆಲ್ಲಿದಾಗಲೇ ಉಮಾಶಂಕರರಿಗೆ ಹೇಳಬೇಕಿತ್ತು, ಚೆಲ್ಲಿದ್ದನ್ನು ಒರೆಸಿದೆ. ನಾಳೆ ಕೆಲಸ ಮುಗಿಸಿ ಡಿಡ್ಸ್‌ಬರಿಯ ಅವರ ಮನೆಗೆ ಹೋಗಿ ಹೇಳುತ್ತೇನೆ. ನೀವು ಹೇಳಬೇಡಿ. ಅವರು ನಗಬಹುದು. ನಗದೆಯೂ ಇರಬಹುದು.

ಹಿಂತಿರುಗಿ ಬನ್ನಿ ಎಂದು ಕರೆಯಲು ಈ ಕಾಗದ ಬರೆದಿಲ್ಲ. ಬರ್ಚ್‌ವುಡ್‌ನ ಕೆಲಸ ಮತ್ತೆ ಸಿಗುತ್ತದೋ ಇಲ್ಲವೋ ತಿಳಿಯದು. ಆದರೆ ಓದಿದ್ದನ್ನು ನಂಬಿ ಸಹಿ ಹಾಕಬಹುದು ನೀವು. ಕಣ್ಣಿನ ಪರೀಕ್ಷೆಗೆ ಇನ್ನು ಹೋಗಬೇಡಿ.

ಬೆಳಗ್ಗೆ ಸೈಕಲ್ಲಿನ ಧೂಳು ಒರೆಸಿ ಎರಡೂ ಚಕ್ರಕ್ಕೆ ಗಾಳಿ ತುಂಬಿಸಿದೆ. ಗ್ಯಾರೇಜಿನ ಬೀಗದ ಕೈ ಹಳೆಯ ಜಾಗದಲ್ಲೇ ಇದೆ. ನಾನು ಮನೆಯಲ್ಲಿಲ್ಲದ ಹೊತ್ತು ನೋಡಿ ಬರುವುದಾದರೆ ಹಾಗೂ ಬನ್ನಿ. ಮೇ ತಿಂಗಳಿಗೆ ಕಾರ್ಡು ನಾನು ಬರೆಯುವುದಿಲ್ಲ. ನಕ್ಷೆಯನ್ನು ಸೈಕಲ್ಲಿನ ಹಿಂದಿನ ಚೀಲದಲ್ಲಿ ಇಟ್ಟಿದ್ದೇನೆ, ನೀವೇ ಬರೆದುಕೊಳ್ಳಿ.

ಇಂತು,
ಸುಚೇತಾ

ಸಹಿ ಮಾಡಿ ಮತ್ತೊಮ್ಮೆ ಓದಿದ ಮೇಲೆ: ಪಾಪ್ಲರ್ ಮರಗಳ ಸಾಲಿನ ಮೇಲೆ ಒಂದು ಗೆರೆ ಎಳೆದಿದ್ದೇನೆ, ನೋಡಿ. ಕೆಳಗಿನ ಅಕ್ಷರ ಕಾಣುತ್ತದೆ. ಅದು ಸುಳ್ಳು. ಸರಿಯಾದದ್ದು ಇದು: ಮೂವತ್ತೆಂಟು ಕಿಲೋಮೀಟರು ಹೆಚ್ಚಾದರೆ ಸಂಜೆಯ ರೈಲು ತಪ್ಪುತ್ತದೆ, ನೀವು ಭಾನುವಾರ ಊಟಕ್ಕೆ ಬರುವುದಿಲ್ಲ, ಒಂದು ಇಡೀ ಭಾನುವಾರ ಮನೆ ಸದ್ದಿಲ್ಲದೆ ನನ್ನದಾಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಪೋರ್ಚುಗೀಸಿನಿಂದ ಅನುವಾದವಾದ ಒಂದು ದಪ್ಪ ಕಾದಂಬರಿ ಅರ್ಧಕ್ಕೆ ನಿಂತಿತ್ತು, ಅದನ್ನು ಮುಗಿಸಬೇಕಿತ್ತು. ಸು. ಹ., 13.4.2025.

ಮೊದಲು ಬರೆದ ಏಳನೇ ಕಾರ್ಡು ಇದರ ಜೊತೆಗಿದೆ. ಇಷ್ಟು ದಿನ ಆ ಪುಸ್ತಕದ ಮುನ್ನೂರ ಹನ್ನೆರಡನೇ ಪುಟದಲ್ಲಿತ್ತು. ನೀವು ಹೋದ ಮೇಲೆ ಎಲ್ಲ ಭಾನುವಾರಗಳೂ ನನ್ನವೇ ಆದವು. ಮುನ್ನೂರ ಹದಿಮೂರನೇ ಪುಟವನ್ನು ನಾನು ಇನ್ನೂ ಓದಿಲ್ಲ.